ತೆಶುವಾ: ಪಶ್ಚಾತ್ತಾಪವೋ, ಮರಳುವುದೋ, ಮರುಮಾತೋ?

ಎಲ್ಲರಿಗೂ ನಮಸ್ಕಾರ. ತಪ್ಪು ದಾರಿ ಬಿಟ್ಟು ದೇವರ ಕಡೆಗೆ ಮರಳುವುದನ್ನು ಹೇಳುವ ಹೀಬ್ರೂವಿನ 'ತೆಶುವಾ' ಪದಕ್ಕೆ ಕನ್ನಡದಲ್ಲಿ ಏನು ಹೇಳಬಹುದು? ಜರ್ಮನಿಯ ಯಹೂದಿ ಚಿಂತಕ ಫ್ರಾಂಜ್ ರೋಜೆನ್‌ಝ್ವೈಗ್ ಬಗ್ಗೆ ಬರೆಯುತ್ತಿದ್ದೇನೆ. ಈ ಪದ ಬಿಟ್ಟು ಅವರ ಬದುಕನ್ನು ಹೇಳಲು ಆಗುತ್ತಿಲ್ಲ.

ಅವರು ಹುಟ್ಟಿದ್ದು 1886ರಲ್ಲಿ, ಜರ್ಮನಿಯ ಕಾಸೆಲ್‌ನಲ್ಲಿ. ಯಹೂದಿ ಮನೆತನ, ಆದರೆ ಆಚರಣೆ ಕಡಿಮೆ. ಬಂಧುಗಳಲ್ಲಿ ಕೆಲವರು ಆಗಲೇ ಕ್ರೈಸ್ತರಾಗಿದ್ದರು. 1913ರ ಜುಲೈಯಲ್ಲಿ ಲೈಪ್ಜಿಗ್‌ನಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿ ಕ್ರೈಸ್ತನಾಗಿದ್ದ ಗೆಳೆಯ ರೋಜೆನ್‌ಸ್ಟಾಕ್ ಜೊತೆ ರಾತ್ರಿಯೆಲ್ಲ ಮಾತಾಡಿ, ತಾವೂ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಲು ನಿಶ್ಚಯಿಸಿದರು. ಒಂದೇ ಷರತ್ತು: ಚರ್ಚಿಗೆ ಹೋಗುವುದಾದರೆ ಯಹೂದಿಯಾಗಿಯೇ ಹೋಗಬೇಕು. ಆ ಅಕ್ಟೋಬರ್‌ನಲ್ಲಿ ಯೋಮ್ ಕಿಪ್ಪುರ್ ದಿನ (ಯಹೂದಿಗಳು ಉಪವಾಸವಿದ್ದು ತಪ್ಪಿಗೆ ಕ್ಷಮೆ ಬೇಡುವ ದಿನ) ಬರ್ಲಿನ್‌ನ ಒಂದು ಸಣ್ಣ ಸಿನಗಾಗ್‌ನಲ್ಲಿ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ಕೂತಿದ್ದರು ಎನ್ನುತ್ತಾರೆ. ತಿಂಗಳ ಕೊನೆಗೆ ಬಂಧುವೊಬ್ಬರಿಗೆ ಪತ್ರ ಬರೆದರು. ದೀಕ್ಷೆ ಇನ್ನು ಬೇಕಿಲ್ಲ, ನನ್ನಿಂದ ಆಗುವುದೂ ಇಲ್ಲ, ಯಹೂದಿಯಾಗಿಯೇ ಉಳಿಯುತ್ತೇನೆ ಎಂಬುದು ಅದರ ಸಾರ.

ಇದನ್ನು 'ಪಶ್ಚಾತ್ತಾಪ' ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ಅದು ಆಮೇಲಿನ ಸುಡುವಿಕೆ, ಬರೀ ಮನಸ್ಸಿನ ನೋವು. ಇವರು ಸುಮ್ನೆ ನೊಂದುಕೊಂಡು ಕೂರಲಿಲ್ಲ, ಹೊರಟ ದಾರಿಯನ್ನೇ ಬದಲಿಸಿದರು. 'ಪ್ರಾಯಶ್ಚಿತ್ತ' ಎಂದರೆ ತಪ್ಪಿಗೆ ತೆರುವ ದಂಡದಂತೆ ಕೇಳುತ್ತದೆ. 'ಮನೆಗೆ ವಾಪಸಿ' ಎಂಬ ಮಾತಿಗೆ ಈಗ ನಮ್ಮಲ್ಲಿ ರಾಜಕೀಯದ ಬಣ್ಣ ಜಾಸ್ತಿ, ಅದು ಬೇಡವೇ ಬೇಡ. ಕನ್ನಡ ಬೈಬಲ್ಲಿನ 'ತಿರುಗಿಕೊಳ್ಳಿರಿ' ಇವೆಲ್ಲಕ್ಕಿಂತ ಹತ್ತಿರ. ತೆಶುವಾದ ಧಾತು 'ಶೂವ್', ಅಂದರೆ ತಿರುಗು, ಮರಳು. ಆದರೆ ಆ ಕ್ರಿಯಾಪದದಿಂದ ಹಗುರವಾದ ಹೆಸರುಪದ ಹುಟ್ಟುತ್ತಿಲ್ಲ. 'ತಿರುಗಿಕೊಳ್ಳುವಿಕೆ' ಎಂದು ಸಾಲುಸಾಲಿಗೆ ಬರೆದರೆ ಯಾರು ಓದುತ್ತಾರೆ?

ಇನ್ನೊಂದು ತೊಡಕಿದೆ, ನನಗೆ ಬಲು ಇಷ್ಟವಾದದ್ದು. ಹೀಬ್ರೂವಿನಲ್ಲಿ ತೆಶುವಾ ಎಂದರೆ 'ಉತ್ತರ' ಕೂಡ ಹೌದು! ಯಹೂದಿ ಧರ್ಮಗುರುಗಳಾದ ರಬ್ಬಿಗಳು ಧರ್ಮದ ಪ್ರಶ್ನೆಗಳಿಗೆ ಬರೆದು ಕೊಡುವ ಉತ್ತರಕ್ಕೂ ಇದೇ ಹೆಸರು. ರೋಜೆನ್‌ಝ್ವೈಗ್ ಮರಳಿದ್ದೇ ಗೆಳೆಯನಿಗೆ ಕೊಟ್ಟ ಉತ್ತರವೂ ಆಯಿತಲ್ವಾ? 1920ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ದೊಡ್ಡವರಿಗಾಗಿ ಕಲಿಕೆಯ ಮನೆ ತೆರೆದಾಗಲೂ ಅವರು ಹೇಳಿದ್ದು ಇಂಥದ್ದೇ ದಿಕ್ಕು: ತೋರಾದಿಂದ (ಯಹೂದಿಗಳ ಧರ್ಮಗ್ರಂಥ) ಬದುಕಿಗಲ್ಲ, ಬದುಕಿನಿಂದ ತೋರಾಕ್ಕೆ. ಎರಡು ವರ್ಷದಲ್ಲಿ ಕಾಯಿಲೆ ಹಿಡಿಯಿತು. ಕೈಯೂ ಮಾತೂ ನಿಂತುಹೋದ ಮೇಲೂ ಇನ್ನೊಬ್ಬ ಯಹೂದಿ ಚಿಂತಕ ಮಾರ್ಟಿನ್ ಬೂಬರ್ ಜೊತೆ ಹೀಬ್ರೂ ಬೈಬಲನ್ನು ಜರ್ಮನ್‌ಗೆ ತರುತ್ತಲೇ ಇದ್ದರು, 1929ರಲ್ಲಿ ತೀರಿಕೊಳ್ಳುವವರೆಗೆ.

ಕನ್ನಡದಲ್ಲಿ 'ಮರಳು' ಇದೆ, 'ಮರುಮಾತು', 'ಮರುನುಡಿ' ಇವೆ. ಮರಳುವುದು, ಉತ್ತರಿಸುವುದು ಎರಡೂ ಅಕ್ಕಪಕ್ಕದಲ್ಲೇ ಕೂತಿವೆ. 'ಮರಳಿಕೆ' ಎಂದರೆ ನಡೆದೀತೇ? ಹೊಳೆಯ ಮರಳು ನೆನಪಾಗುತ್ತದೆಯೋ ಎಂಬ ಅಳುಕು ನನಗಿದೆ. ಹಳಗನ್ನಡದ 'ಮಗುಳ್' ಕೂಡ ನೋಡಿದೆ, ಇಂದಿನ ಓದುಗರಿಗೆ ದೂರವಾದೀತು. ಎರಡು ಅರ್ಥವನ್ನೂ ಹೊರುವ ಪದ ನಿಮ್ಮ ಊರಿನ ಮಾತಿನಲ್ಲಿ ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಸಮೇತ ದಯವಿಟ್ಟು ಬರೆಯಿರಿ. ಇಲ್ಲದಿದ್ದರೆ 'ತೆಶುವಾ' ಎಂದೇ ಉಳಿಸಿ, ಮೊದಲ ಸಲ ಬಂದಾಗ ಬಿಡಿಸಿ ಹೇಳುತ್ತೇನೆ.