ಸ್ವಿಫ್ಟ್ ಕಾರಿಗೆ ಲೋವರಿಂಗ್ ಸ್ಪ್ರಿಂಗ್: ಮಲೆನಾಡಿನ ರಸ್ತೆಗೆ ಎಷ್ಟು ಮಿ.ಮೀ. ಇಳಿಸಬಹುದು?

ತುಂಗಾತೀರ (ಶಿವಮೊಗ್ಗ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2018ರ ಮಾದರಿಯ ಪೆಟ್ರೋಲ್ ಸ್ವಿಫ್ಟ್ ಇದೆ. ಟೈರ್ ಕಂಪನಿಯಿಂದ ಬಂದ ಅಳತೆಯದೇ, 185/65 ಆರ್15. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳಿಂದ ಆಯಿಲ್ ಜಿನುಗುತ್ತಿದೆ, ಹಿಂದಿನವೂ ಬಲ ಕಳೆದುಕೊಂಡಿವೆ. ಹೇಗೂ ಬಿಚ್ಚಿಸಲೇಬೇಕಾಗಿರುವುದರಿಂದ ಇದೇ ಸಂದರ್ಭದಲ್ಲಿ ಲೋವರಿಂಗ್ ಸ್ಪ್ರಿಂಗ್ (ಕಾರನ್ನು ತಗ್ಗಿಸುವ ಗಿಡ್ಡ, ಬಿಗಿ ಸ್ಪ್ರಿಂಗ್) ಹಾಕಿಸಿಬಿಡೋಣವೇ ಎಂಬ ಆಲೋಚನೆ ಬಂದಿದೆ. ಅದಕ್ಕೆ ಎರಡು ಕಾರಣಗಳಿವೆ. ಚಕ್ರಕ್ಕೂ ಅದರ ಮೇಲಿನ ಫೆಂಡರ್‌ಗೂ ನಡುವೆ ಕಾಣುವ ಖಾಲಿ ಜಾಗ ನನಗೆ ಮೊದಲಿನಿಂದಲೂ ಹಿಡಿಸಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಂಡಗದ್ದೆಯ ಆಸುಪಾಸಿನ ತಿರುವುಗಳಲ್ಲಿ ಕಾರು ಒಂದು ಮಗ್ಗುಲಿಗೆ ವಾಲಿ, ಹಿಂದೆ ಕುಳಿತ ಅಮ್ಮನಿಗೆ ಹೊಟ್ಟೆ ತೊಳಸುತ್ತದೆ.

ವಾರದ ದಿನಗಳಲ್ಲಿ ನನ್ನ ಓಡಾಟ ಸವಳಂಗ ರಸ್ತೆಯಲ್ಲಿ ಮಾತ್ರ. ರಜೆ ಬಂದರೆ ತೀರ್ಥಹಳ್ಳಿಯ ಆಚೆಗಿನ ನಮ್ಮೂರಿಗೆ ಹೋಗುತ್ತೇವೆ. ಅಲ್ಲಿ ಕೊನೆಯ ಒಂದು ತುಂಡು ದಾರಿ, ತೋಟದ ದಣಪೆಯವರೆಗೆ, ಬರೀ ಮಣ್ಣಿನದು. ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದೂ ಉಂಟು, ಆಗ ಕಾರಿನಲ್ಲಿ ಐದು ಜನ ಮತ್ತು ಸಾಮಾನು. ನನ್ನ ಮುಂದಿರುವ ಆಯ್ಕೆಗಳು 35 ಮಿ.ಮೀ. ಇಳಿಸುವ ಸ್ಪ್ರಿಂಗ್, 25 ಮಿ.ಮೀ. ಇಳಿಸುವ ಸ್ಪ್ರಿಂಗ್, ಅಥವಾ ಗ್ಯಾರೇಜಿನವರು ಹೇಳುವಂತೆ ಈಗಿನ ಸ್ಪ್ರಿಂಗಿನಲ್ಲೇ ಒಂದು ಸುತ್ತನ್ನು ಕತ್ತರಿಸುವುದು. ಇವುಗಳಲ್ಲಿ ಯಾವುದು ಸರಿ?

ಬಾಳೆಬರೆ (ಹೊಸನಗರ) ಉತ್ತರ:

ಎಷ್ಟು ಇಳಿಸಬೇಕು ಎನ್ನುವುದಕ್ಕಿಂತ ಎಷ್ಟು ಇಳಿಸಲು ನಿಮ್ಮ ದಾರಿ ಬಿಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಅದಕ್ಕೆ ಎರಡು ಅಳತೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ರೈಡ್ ಹೈಟ್ ಎಂದರೆ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗಿನ ಎತ್ತರ. ಗ್ರೌಂಡ್ ಕ್ಲಿಯರೆನ್ಸ್ ಎಂದರೆ ನೆಲದಿಂದ ಕಾರಿನ ಅತಿ ಕೆಳಗಿನ ಭಾಗದವರೆಗಿನದು. ನೆಲದಿಂದಲೇ ಫೆಂಡರ್‌ವರೆಗೆ ಟೇಪು ಹಿಡಿದರೆ ಟೈರಿನ ಗಾಳಿ ಮತ್ತು ಸವೆತವೂ ಅಳತೆಯೊಳಗೆ ಸೇರಿಕೊಂಡು, ಇಂದಿನ ಲೆಕ್ಕ ನಾಳೆಗೆ ಹೊಂದುವುದಿಲ್ಲ.

ನಿಮ್ಮ ಮಾದರಿಯ ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ., ಅದೂ ಖಾಲಿ ಕಾರಿಗೆ. ಹಿಂದಿನ ಒಂದೊಂದು ಸ್ಪ್ರಿಂಗೂ ಚಕ್ರದ ಬಳಿ ಮಿ.ಮೀ.ಗೆ 20 ನ್ಯೂಟನ್ ಬಲ ಕೊಡುತ್ತದೆ ಎಂದು ಉದಾಹರಣೆಗೆ ಇಟ್ಟುಕೊಂಡರೆ, ಹಿಂದಿನ ಆಕ್ಸಲ್ ಮೇಲೆ 150 ಕಿಲೋ ಹೆಚ್ಚುವರಿ ಭಾರ ಬಿದ್ದಾಗ ಹಿಂಭಾಗ ಸುಮಾರು 37 ಮಿ.ಮೀ. ಕುಸಿಯುತ್ತದೆ. ಕಾರಿನ ನಡುಭಾಗ ಅದರ ಅರ್ಧದಷ್ಟು ಇಳಿಯುತ್ತದೆ. ಮುಂದಿನ ಇಬ್ಬರ ಭಾರವನ್ನೂ ಸೇರಿಸಿ ನಡುವಿನಲ್ಲಿ 25 ಮಿ.ಮೀ. ಹೋಯಿತೆಂದರೆ ಉಳಿಯುವುದು 138. ಅದರ ಮೇಲೆ 35 ಇಳಿಸಿದರೆ 103.

ಈಗ ಹಂಪ್ ವಿಷಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ:99 ಮಾರ್ಗಸೂಚಿಯ ಪ್ರಕಾರ ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಅದರ ಬಾಗು 17 ಮೀಟರ್ ತ್ರಿಜ್ಯದ್ದಾಗಿರಬೇಕು. ಸ್ವಿಫ್ಟಿನ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 2,450 ಮಿ.ಮೀ. ಅಂದರೆ ಆ ಉಬ್ಬಿನ ಮೇಲೆ ನಾಲ್ಕೂ ಚಕ್ರಗಳು ಒಟ್ಟಿಗೆ ಏರಿ ನಿಲ್ಲುತ್ತವೆ, ಕಾರಿನ ಹೊಟ್ಟೆಯ ಕೆಳಗೆ ಉಬ್ಬಿನ ಬಾಗು ತಿನ್ನುವುದು ಬರೀ 44 ಮಿ.ಮೀ. ಇಂಥ ಹಂಪನ್ನು 35 ಮಿ.ಮೀ. ಇಳಿಸಿದ ಕಾರು ಐದು ಜನರನ್ನು ಹೊತ್ತುಕೊಂಡೂ ನಿಧಾನವಾಗಿ ದಾಟಿಹೋಗುತ್ತದೆ. ಆದರೆ ನಮ್ಮ ಊರುಗಳ ಮುಂದೆ, ಯಾರೋ ಒಂದು ಅಪಘಾತವಾದ ಮರುದಿನ ತಾವೇ ಜಲ್ಲಿ, ಟಾರು ಸುರಿದು ಕಟ್ಟಿದ ಹಂಪುಗಳು ಹಾಗಿಲ್ಲ. ಒಂದು ಮೀಟರಿಗಿಂತ ಕಡಿಮೆ ಅಗಲದ ದಿಬ್ಬವಾದರೆ ಮುಂದಿನ ಚಕ್ರ ದಾಟಿ ಹಿಂದಿನದು ಇನ್ನೂ ಏರದಿರುವಾಗ ದಿಬ್ಬದ ಪೂರ್ತಿ ಎತ್ತರ ಕಾರಿನ ಹೊಟ್ಟೆಯ ಕೆಳಗಿರುತ್ತದೆ. ಅದು 12 ಸೆಂ.ಮೀ. ಇದ್ದರೆ 138 ದಾಟುತ್ತದೆ, 103 ದಾಟುವುದಿಲ್ಲ. ಓರೆಯಾಗಿ ದಾಟಿಸಬಹುದು ನಿಜ, ಎದುರಿನಿಂದ ಬಸ್ಸು ಬಾರದಿದ್ದರೆ.

ನಿಮ್ಮ ತೋಟದ ದಾರಿ ಹಂಪಿಗಿಂತಲೂ ಕಷ್ಟದ್ದು. ಮಳೆಗಾಲದಲ್ಲಿ ಪಿಕಪ್ಪು, ಜೀಪುಗಳ ಚಕ್ರ ಕೊರೆದ ಎರಡು ಜಾಡು ಆಳವಾಗುತ್ತಾ ಹೋಗಿ ನಡುವಿನ ಹುಲ್ಲಿನ ಏರಿ ಹಾಗೇ ಉಳಿಯುತ್ತದೆ. ಹಂಪನ್ನು ಒಮ್ಮೆ ದಾಟಿದರೆ ಮುಗಿಯಿತು; ಆ ಏರಿ ಮನೆಯವರೆಗೂ ಕಾರಿನ ಅಡಿಯಲ್ಲೇ ಬರುತ್ತದೆ, ಅದರೊಳಗೆ ಹುದುಗಿದ ಜಂಬಿಟ್ಟಿಗೆಯ ಒಂದು ಮೂಲೆ ಸಾಕು ಆಯಿಲ್ ಚೇಂಬರ್ ಒಡೆಯಲು.

ಹಣ ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. 35 ಮತ್ತು 25 ಮಿ.ಮೀ. ದಪ್ಪದ ಥರ್ಮಾಕೋಲ್ ತುಂಡುಗಳನ್ನು ಎಂಜಿನ್ ಕೆಳಗಿನ ಅಡ್ಡ ತೊಲೆಯಾದ ಕ್ರಾಸ್ ಮೆಂಬರ್‌ಗೂ ಎರಡೂ ಬದಿಯ ಬಾಗಿಲ ಕೆಳಗಿನ ಸಿಲ್‌ಗೂ ಗಟ್ಟಿ ಟೇಪಿನಿಂದ ಅಂಟಿಸಿ. ಸೈಲೆನ್ಸರ್ ಪೈಪಿನ ಹತ್ತಿರ ಬೇಡ, ಬಿಸಿಗೆ ಕರಗುತ್ತದೆ. ಮನೆಯವರೆಲ್ಲರನ್ನೂ ಕೂರಿಸಿಕೊಂಡು ಎಂದಿನ ದಾರಿಯಲ್ಲಿ ಎಂದಿನಂತೆ ಹೋಗಿ ಬನ್ನಿ. ಹರಿದು ಹೋದ ತುಂಡಿನ ದಪ್ಪದಷ್ಟು ಇಳಿಸಲು ನಿಮ್ಮ ರಸ್ತೆ ಒಪ್ಪುವುದಿಲ್ಲ ಎಂದು ತಿಳಿಯಿರಿ.

ಸ್ಟ್ರಟ್ ಮೌಂಟ್ (ಶಿವಮೊಗ್ಗ) ಉತ್ತರ:

ಎತ್ತರದ ಲೆಕ್ಕವನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ವಾಲುವಿಕೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಿಮ್ಮ ತಾಯಿಯವರ ತೊಂದರೆಗೆ ಎತ್ತರ ಕಾರಣವೆಂದು ನನಗನ್ನಿಸುವುದಿಲ್ಲ.

ತಿರುವಿನಲ್ಲಿ ಕಾರು ಎಷ್ಟು ವಾಲುತ್ತದೆ ಎಂಬುದನ್ನು ಸ್ಪ್ರಿಂಗ್ ಮತ್ತು ಎಡ ಬಲ ಚಕ್ರಗಳನ್ನು ಜೋಡಿಸುವ ಸರಳಾದ ಆ್ಯಂಟಿ ರೋಲ್ ಬಾರ್‌ಗಳ ಬಿಗಿತ ನಿರ್ಧರಿಸುತ್ತದೆ. ಎಷ್ಟು ಬೇಗ ವಾಲಿ ಎಷ್ಟು ಬೇಗ ನಿಲ್ಲುತ್ತದೆ ಎಂಬುದನ್ನು ಶಾಕ್ ಅಬ್ಸಾರ್ಬರ್ ನಿರ್ಧರಿಸುತ್ತದೆ. ಆಯಿಲ್ ಸೋರಿದ ಶಾಕ್ ಇರುವ ಕಾರು ತಿರುವಿಗೆ ಥಟ್ಟನೆ ಬಿದ್ದು, ಆಮೇಲೆ ಮೇಲೆ ಕೆಳಗೆ ತೂಗಾಡುತ್ತಲೇ ಇರುತ್ತದೆ. ಹಿಂದಿನ ಆಸನದವರಿಗೆ ಹೊಟ್ಟೆ ತೊಳಸುವುದು ಬಹುಮಟ್ಟಿಗೆ ಈ ತೂಗಾಟಕ್ಕೆ. ಆ ಸ್ಥಿತಿಯಲ್ಲಿ ಇನ್ನೂ ಬಿಗಿಯಾದ ಸ್ಪ್ರಿಂಗ್ ಹಾಕಿದರೆ, ಅದನ್ನು ಅಂಕೆಯಲ್ಲಿಡಲು ಮೊದಲಿಗಿಂತ ಬಲವಾದ ಶಾಕ್ ಬೇಕಾಗುತ್ತದೆ. ಇರುವ ಶಾಕ್ ಮೊದಲಿನದನ್ನೇ ಹಿಡಿದಿಡಲಾಗದೆ ಸೋತಿದೆ.

ಇಳಿಸಿದರೆ ಗುರುತ್ವ ಕೇಂದ್ರ ಕೆಳಗೆ ಬಂದು ವಾಲುವಿಕೆ ತಗ್ಗುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಸ್ವಿಫ್ಟಿನ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದರಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬದಲ್ಲಿ ಸೇರಿರುತ್ತವೆ. ಈ ಬಗೆಯ ಸಸ್ಪೆನ್ಷನ್‌ನಲ್ಲಿ ಕಾರನ್ನು ಇಳಿಸಿದಾಗ ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಾದ ಲೋವರ್ ಆರ್ಮ್‌ನ ಓರೆ ಬದಲಾಗುತ್ತದೆ, ಅದರೊಂದಿಗೆ ರೋಲ್ ಸೆಂಟರ್ (ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಗುರುತ್ವ ಕೇಂದ್ರಕ್ಕಿಂತ ಹೆಚ್ಚು ವೇಗವಾಗಿ ಕೆಳಗಿಳಿಯುತ್ತದೆ. ಗುರುತ್ವ ಕೇಂದ್ರ 530 ಮಿ.ಮೀ. ಎತ್ತರದಲ್ಲಿ, ರೋಲ್ ಸೆಂಟರ್ 80ರಲ್ಲಿ ಇದೆ ಎಂದು ಊಹಿಸಿಕೊಳ್ಳಿ. ನಡುವಿನ ಅಂತರ 450. ಕಾರನ್ನು 30 ಇಳಿಸಿದಾಗ ರೋಲ್ ಸೆಂಟರ್ 50 ಇಳಿದರೆ ಅಂತರ 470 ಆಗುತ್ತದೆ. ಕಾರನ್ನು ವಾಲಿಸುವ ಸನ್ನೆಗೋಲು ಉದ್ದವಾಯಿತೇ ಹೊರತು ಗಿಡ್ಡವಾಗಲಿಲ್ಲ. ಇಳಿಸಿದ ಕಾರು ಕಡಿಮೆ ವಾಲುತ್ತದೆಂದರೆ ಆ ಶ್ರೇಯಸ್ಸು ಬಿಗಿಯಾದ ಸ್ಪ್ರಿಂಗಿಗೆ ಸೇರಬೇಕು, ಎತ್ತರಕ್ಕಲ್ಲ.

ಚಕ್ರ ಮೇಲೇಳುವುದನ್ನು ಮಿತಿಯಲ್ಲಿ ತಡೆಯುವ ರಬ್ಬರ್ ತುಂಡಾದ ಬಂಪ್ ಸ್ಟಾಪರ್ ವಿಷಯವನ್ನು ಮರೆಯಬೇಡಿ. ಕಾರನ್ನು 35 ಮಿ.ಮೀ. ಇಳಿಸಿದರೆ ಶಾಕ್‌ನ ರಾಡ್ ಅಷ್ಟರಮಟ್ಟಿಗೆ ಮೊದಲೇ ಒಳಗೆ ಹೋಗಿರುತ್ತದೆ. ಗುಂಡಿಗೆ ಬಿದ್ದಾಗ ಮೇಲೇಳಲು ಚಕ್ರಕ್ಕೆ ಉಳಿಯುವ ಅವಕಾಶ ಅಷ್ಟು ಕಡಿಮೆ. ಅದು ಮುಗಿದ ಕ್ಷಣ ಸ್ಪ್ರಿಂಗಿನ ಕೆಲಸ ನಿಂತು ಹೊಡೆತ ನೇರವಾಗಿ ಬಾಡಿಗೆ ಬೀಳುತ್ತದೆ. ಹೊಸ ಶಾಕ್ ಹಾಕಿಸಿದ ಮೇಲೆ ರಾಡಿಗೆ ಧೂಳು ತಾಗದಂತೆ ತಡೆಯುವ ಹೊದಿಕೆಯಾದ ಡಸ್ಟ್ ಬೂಟನ್ನು ಮೇಲಕ್ಕೆ ಸರಿಸಿ ರಾಡಿಗೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ ನೋಡಿ. ತೀರ್ಥಹಳ್ಳಿಗೆ ಹೋಗಿ ಬಂದಾಗ ಆ ಟೈ ರಾಡಿನ ಮೇಲೆ ಎಲ್ಲಿಯವರೆಗೆ ಸರಿದಿದೆಯೋ ಅಲ್ಲಿಯವರೆಗಿನ ಚಲನೆಯನ್ನು ಕಾರು ಈಗಾಗಲೇ ಬಳಸುತ್ತಿದೆ. ಮೇಲೆ ಎಷ್ಟು ಉಳಿದಿದೆ ಎಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಸ್ಪ್ರಿಂಗ್ ಕತ್ತರಿಸುವ ಸಲಹೆಯನ್ನು ಮಾತ್ರ ದಯವಿಟ್ಟು ಕೈಬಿಡಿ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದನ್ನು ತೆಗೆದರೆ ಉಳಿದದ್ದು ಶೇ. 20ರಷ್ಟು ಬಿಗಿಯಾಗುತ್ತದೆ, ಅದು ದೊಡ್ಡ ವಿಷಯವಲ್ಲ. ಆದರೆ ಕತ್ತರಿಸಿದ ತುದಿ ಸ್ಟ್ರಟ್‌ನ ತಟ್ಟೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಚಕ್ರ ಪೂರ್ತಿ ಕೆಳಗೆ ಜೋತಾಗ ಗಿಡ್ಡ ಸ್ಪ್ರಿಂಗ್ ಸಡಿಲಗೊಂಡು ಜಾಗ ತಪ್ಪಬಹುದು. ಗ್ಯಾಸ್ ಕಟರ್‌ನಿಂದ ಕತ್ತರಿಸಿದರಂತೂ ಉಕ್ಕಿನ ಹದವೇ ಕೆಡುತ್ತದೆ, ಅಂಥ ಸ್ಪ್ರಿಂಗ್ ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಯಾವುದರಲ್ಲಿ ಮುರಿಯುತ್ತದೆಂದು ಹೇಳಲಾಗದು. ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕುವ ಉಪಾಯವೂ ಬೇಡ.

ಭದ್ರಾವತಿ ಹೆದ್ದಾರಿ ಉತ್ತರ:

ಇಳಿಸಿದ ಕಾರೆಂದರೆ ಕೆಟ್ಟದ್ದು ಎಂಬಂತೆ ಚರ್ಚೆ ಸಾಗುತ್ತಿರುವುದರಿಂದ ಇನ್ನೊಂದು ಬದಿಯನ್ನೂ ಹೇಳಬೇಕಾಗಿದೆ. ನನ್ನ ಕಾರು 25 ಮಿ.ಮೀ. ಇಳಿದಿದೆ, ಅದನ್ನು ಓಡಿಸುವುದು ನನಗೆ ಸಂತೋಷ ಕೊಡುತ್ತದೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ, ವೇಗದಲ್ಲಿ ಲೇನ್ ಬದಲಿಸುವಾಗ ತೂಗುವುದಿಲ್ಲ. ಆದರೆ ನಾನು ಸ್ಪ್ರಿಂಗ್ ಮಾತ್ರ ಕೊಳ್ಳಲಿಲ್ಲ, ಇಳಿಸಿದ ಕಾರಿಗೆಂದೇ ಮಾಡಿದ ಗಿಡ್ಡ ಶಾಕ್‌ಗಳನ್ನೂ ಕೊಂಡೆ. ಬಿಲ್‌ಸ್ಟೀನ್ ಕಂಪನಿಯಲ್ಲಿ ಬಿ6 ಎಂಬುದು ಮೂಲ ಎತ್ತರಕ್ಕೆ, ಬಿ8 ಎಂಬುದು ಇಳಿಸಿದ ಎತ್ತರಕ್ಕೆ. ಈ ವ್ಯತ್ಯಾಸ ಸುಮ್ಮನೆ ಹುಟ್ಟಿದ್ದಲ್ಲ. ನಿಮ್ಮ ಕಾರಿಗೆ ಅಂಥ ಜೋಡಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ, ಸಿಗದಿದ್ದರೆ ಈ ಯೋಜನೆಯನ್ನೇ ಬಿಡಿ.

ಇಳಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯ. ಮುಂದೆ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಪಡಿಸಬಹುದು. ಹಿಂದಿನದು ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ) ಆದ್ದರಿಂದ ಅಲ್ಲಿ ತಿರುಗಿಸಲು ಏನೂ ಇಲ್ಲ. ಹೆಡ್‌ಲೈಟಿನ ಗುರಿಯನ್ನೂ ಮತ್ತೆ ಹೊಂದಿಸಬೇಕು, ಇದನ್ನು ಬಹಳ ಜನ ಮಾಡಿಸುವುದೇ ಇಲ್ಲ. ನಾನು ಓಡಿಸುವುದು ಹೆದ್ದಾರಿಯಲ್ಲಿ, ಬಹುತೇಕ ಒಬ್ಬನೇ. ನಿಮ್ಮ ತೋಟದ ದಾರಿ ನನಗಿದ್ದಿದ್ದರೆ ನಾನೂ ಯೋಚಿಸುತ್ತಿದ್ದೆ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಥರ್ಮಾಕೋಲ್ ಪರೀಕ್ಷೆ ಮಾಡಿದೆ. ಅಪ್ಪ ನನ್ನನ್ನು ನೋಡಿ, "ಕಾರಿಗೆ ಹಾಸಿಗೆ ಕಟ್ಟುತ್ತಿದ್ದೀಯೇನೋ?" ಎಂದು ಕೇಳಿದರು. ನಗರದೊಳಗೆ ಎಲ್ಲ ತುಂಡುಗಳೂ ಉಳಿದವು. ಆಗುಂಬೆಯಲ್ಲೂ ಏನೂ ಆಗಲಿಲ್ಲ. ಊರಿನ ಶಾಲೆಯ ಮುಂದಿನ ಹಂಪಿನಲ್ಲಿ ನಡುವಿನ 35ರದ್ದು ಕಿತ್ತುಹೋಯಿತು. ತೋಟದ ದಾರಿ ಮುಗಿಯುವಷ್ಟರಲ್ಲಿ 25ರ ತುಂಡಿನ ಕೆಳಮೈ ಮಣ್ಣು ಮೆತ್ತಿಕೊಂಡು ಅರ್ಧಕ್ಕರ್ಧ ಸವೆದಿತ್ತು. ಎಡಗಡೆಯ ಸಿಲ್‌ನದ್ದು ಮಾತ್ರ ಬೇರೆಯೇ ಜಾಗದಲ್ಲಿ, ಲಾರಿಯೊಂದಕ್ಕೆ ದಾರಿ ಬಿಡಲು ಟಾರಿನ ಅಂಚಿನಿಂದ ಕೆಳಗಿಳಿಸಿದಾಗ, ಮುರಿಯಿತು. ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಹಾಗಾಗಿ ಕಂಪನಿಯ ಎತ್ತರವನ್ನೇ ಉಳಿಸಿಕೊಂಡು ನಾಲ್ಕೂ ಶಾಕ್, ಸ್ಟ್ರಟ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಬಾಡಿಗೆ ಜೋಡಿಸುವ ಭಾಗ), ಬಂಪ್ ಸ್ಟಾಪರ್ ಮತ್ತು ಲೋವರ್ ಆರ್ಮ್ ಕೀಲಿನ ರಬ್ಬರ್ ಬುಷ್‌ಗಳನ್ನು ಬದಲಿಸಲು ತೀರ್ಮಾನಿಸಿದ್ದೇನೆ. ಮುಂದೆಂದಾದರೂ ಇಳಿಸುವುದಾದರೆ ಕಾನೂನಿನ ತೊಡಕು ಏನಾದರೂ ಇದೆಯೇ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಬಾಳೆಬರೆ:

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ವಾಹನದ ಮೂಲ ಲಕ್ಷಣ ಬದಲಾಗುವಂಥ ರಚನೆಯ ಬದಲಾವಣೆಯೇ ಮಾರ್ಪಾಡು ಎಂಬ ವಿವರಣೆಯೂ ಅಲ್ಲಿದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಆಗಬಹುದು. ಬರೀ ಸ್ಪ್ರಿಂಗ್ ಬದಲಿಸಿದ್ದು ಇದರೊಳಗೆ ಬರುತ್ತದೆಯೇ ಎಂಬುದರಲ್ಲಿ ವಾದಕ್ಕೆ ಎಡೆಯಿದೆ. ಆ ವಾದವನ್ನು ಅಪಘಾತವಾದ ಮೇಲೆ ವಿಮಾ ಕಂಪನಿಯವರ ಎದುರು ಹೂಡುವ ಬದಲು, ಹಾಕಿಸುವ ಮೊದಲೇ ಅವರಿಗೆ ಬರಹದಲ್ಲಿ ತಿಳಿಸಿ ಉತ್ತರ ಪಡೆದಿಟ್ಟುಕೊಳ್ಳಿ.

ಸ್ಟ್ರಟ್ ಮೌಂಟ್:

ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಂತು ಎರಡು ಸಂಗತಿಗಳನ್ನು ನೋಡಿಕೊಳ್ಳಿ. ಸ್ಪ್ರಿಂಗಿನ ಕೆಳತುದಿ ಸ್ಟ್ರಟ್ ತಟ್ಟೆಯ ಮೆಟ್ಟಿಲಿಗೆ ತಾಗಿ ಕುಳಿತಿರಬೇಕು. ಲೋವರ್ ಆರ್ಮ್ ಬುಷ್‌ನ ಬೋಲ್ಟುಗಳನ್ನು ಕಾರು ಲಿಫ್ಟಿನ ಮೇಲೆ ಚಕ್ರ ಜೋತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಕಾರು ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ, ಕಾರೂ ಒಂದಿಷ್ಟು ಎತ್ತರವಾಗಿ ನಿಲ್ಲುತ್ತದೆ. ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿತ. ಈಗಿನ ಬುಷ್‌ಗಳನ್ನು ಹಿಂದೆ ಯಾರಾದರೂ ಬದಲಿಸಿದ್ದರೆ, ಫೆಂಡರ್ ಬಳಿ ನಿಮಗೆ ಹಿಡಿಸದ ಆ ಖಾಲಿ ಜಾಗದಲ್ಲಿ ಕೆಲವು ಮಿ.ಮೀ. ಇದರಿಂದಲೇ ಬಂದಿರಬಹುದು. ಕೆಲಸಕ್ಕೆ ಮೊದಲು ಮತ್ತು ನಂತರ ಚಕ್ರದ ನಡುವಿನಿಂದ ಫೆಂಡರ್‌ವರೆಗೆ ಅಳೆದು ಬರೆದಿಟ್ಟುಕೊಂಡು ಇಲ್ಲಿ ತಿಳಿಸಿ.