ಬಯಲಲ್ಲಿ ಕೂತು ಸೇದಿದರೂ ತಪ್ಪಾ?

ಮೂಲೆಬೆಂಚು:
ನಾನು ಸಿಗರೇಟು ಸೇದುತ್ತೇನೆ. ಮೊದಲೇ ಹೇಳಿಬಿಟ್ಟೆ, ಬೈಯುವವರಿಗೆ ಸುಲಭವಾಗಲಿ. ಮನೆಯಲ್ಲಿ ಮಗಳು ಬಿಡುವುದಿಲ್ಲ, ಆಫೀಸಿನಲ್ಲಿ ಕೇಳುವ ಹಾಗೇ ಇಲ್ಲ. ಉಳಿದಿದ್ದು ಪಾರ್ಕು. ಸಂಜೆ ಮೂಲೆಯ ಬೆಂಚಿನಲ್ಲಿ ಕೂತು ಎರಡು ಸೇದಿ ಎದ್ದು ಬರುತ್ತೇನೆ. ಈಗ ಅಲ್ಲೂ ನಿಷೇಧ ಬೇಕು ಅಂತ ಸಹಿ ಹಾಕಿಸುತ್ತಿದ್ದಾರೆ. ನಿನ್ನೆ ವಾಕಿಂಗ್ ಬಂದವರೊಬ್ಬರು ಹಾಳೆಯನ್ನು ನನ್ನ ಕೈಗೇ ಕೊಟ್ಟು, "ಓದಿ ನೋಡಿ, ಸಹಿ ಹಾಕಿ ತನ್ನಿ ಸಾರ್" ಅಂದರು. ಆಗ ನನ್ನ ಇನ್ನೊಂದು ಕೈಯಲ್ಲಿ ಸಿಗರೇಟು ಉರಿಯುತ್ತಿತ್ತು! ಸುತ್ತಲೂ ಬಯಲು, ಗಾಳಿ ಬೀಸುತ್ತಲೇ ಇರುತ್ತದೆ, ಹೊಗೆ ಎಲ್ಲಿ ನಿಲ್ಲುತ್ತದೆ? ನಿಜಕ್ಕೂ ಯಾರಿಗಾದರೂ ತೊಂದರೆ ಇದೆಯಾ, ಇಲ್ಲಾ ಸುಮ್ನೆ ನಮ್ಮನ್ನು ಕಂಡರೆ ಆಗದವರ ಕೆಲಸವಾ?

ಇಬ್ಬರಮ್ಮ:
ನನ್ನ ಚಿಕ್ಕವನಿಗೆ ಉಬ್ಬಸ. ಪಕ್ಕದಲ್ಲಿ ಯಾರಾದರೂ ಹಚ್ಚಿದರೆ ಇನ್ಹೇಲರ್ ಇದೆಯಾ ಅಂತ ಚೀಲ ತಡಕಾಡುತ್ತಾ ಎದ್ದುಬಿಡುತ್ತೇನೆ. ನೀವು ಒಳ್ಳೆಯವರೇ ಇರಬಹುದು. ಆದರೆ ಎದ್ದು ಹೋಗಬೇಕಾದವರು ಯಾವಾಗಲೂ ನಾವೇ, ಅದೇ ಸಿಟ್ಟು.

ಅಡಿಪಟ್ಟಿ:
ಸ್ಟ್ಯಾನ್‌ಫರ್ಡ್‌ನವರು ಇದನ್ನು ಬಯಲಲ್ಲೇ ಅಳೆದು 2007ರಲ್ಲಿ ಪ್ರಕಟಿಸಿದ್ದಾರೆ. ಗಾಳಿ ಹೋಗುವ ದಿಕ್ಕಿನಲ್ಲಿ ಒಂದೆರಡು ಅಡಿ ದೂರ ಕೂತವರಿಗೆ, ಸಿಗರೇಟು ಉರಿಯುವಷ್ಟು ಹೊತ್ತು, ಕೋಣೆಯೊಳಗಿನಷ್ಟೇ ಹೊಗೆ ತಾಗಬಹುದು. ಆರು ಅಡಿ ದಾಟಿದರೆ ತುಂಬಾ ಕಡಿಮೆ. ಸಿಗರೇಟು ಆರಿದ ಕೂಡಲೇ ಹೊಗೆಯೂ ಚದುರುತ್ತದೆ, ಕೋಣೆಯಲ್ಲಿ ಹಾಗಲ್ಲ. ಅಂದರೆ ನಿಮ್ಮ ಮೂಲೆ ಬೆಂಚು ಒಂಟಿಯಾಗಿದ್ದರೆ ನಿಮ್ಮ ಮಾತು ಸರಿ, ಪಕ್ಕ ಯಾರಾದರೂ ಕೂತರೆ ಆ ತಾಯಿಯ ಮಾತು ಸರಿ.

ನ್ಯೂಯಾರ್ಕ್ ನಗರ 2011ರಲ್ಲೇ ಪಾರ್ಕುಗಳಲ್ಲಿ ನಿಷೇಧಿಸಿತು. ಫ್ರಾನ್ಸ್ ಅದನ್ನೇ ಮಾಡಿದ್ದು 2025ರಲ್ಲಿ. ತಮಾಷೆ ಅಂದರೆ ಅಲ್ಲಿ ಕೆಫೆಗಳ ಹೊರಗಿನ ಮೇಜುಗಳಿಗೆ ವಿನಾಯಿತಿ ಇದೆ. ಜನ ಒತ್ತೊತ್ತಾಗಿ ಕೂರುವುದೇ ಅಲ್ಲಿ, ಅಲ್ವಾ? ಹಾಗಾಗಿ ಲೆಕ್ಕ ಬರೀ ಹೊಗೆಯದಲ್ಲ. ಸೇದುವುದು ಮಕ್ಕಳ ಕಣ್ಣಿಗೆ ಮಾಮೂಲು ಅನ್ನಿಸಬಾರದು ಅನ್ನುವುದೂ ಇದೆ.

ಭಾನುವಾರದ ಪೊರಕೆ:
ಹೊಗೆ ಬಿಡಿ, ತುಂಡಿನ ಮಾತಾಡಿ. ವಾರಕ್ಕೊಮ್ಮೆ ನಾಲ್ಕೈದು ಜನ ಸೇರಿ ಪಾರ್ಕ್ ಗುಡಿಸುತ್ತೇವೆ. ಬಾಟಲಿ, ಕವರು ಎಲ್ಲಾ ಸಲೀಸು. ಈ ತುಂಡುಗಳು ಮಾತ್ರ ಹುಲ್ಲಿನ ಬುಡಕ್ಕೆ ಇಳಿದಿರುತ್ತವೆ, ಪೊರಕೆಗೆ ಬರುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಬೆರಳಲ್ಲೇ ಕೀಳಬೇಕು. ನೋಡಲು ಹತ್ತಿಯ ಹಾಗಿರುತ್ತದೆ, ಆದರೆ ಆ ಫಿಲ್ಟರ್ ಸೆಲ್ಯುಲೋಸ್ ಅಸಿಟೇಟ್, ಅಂದರೆ ಪ್ಲಾಸ್ಟಿಕ್. ಬೇಗ ಕರಗುವುದಿಲ್ಲ. 2011ರ ಒಂದು ಪ್ರಯೋಗದಲ್ಲಿ, ಲೀಟರಿಗೆ ಸುಮಾರು ಒಂದು ತುಂಡಿನ ಲೆಕ್ಕದಲ್ಲಿ ನೆನೆಸಿದ ನೀರೇ ನಾಲ್ಕು ದಿನದಲ್ಲಿ ಅರ್ಧದಷ್ಟು ಮೀನುಗಳನ್ನು ಕೊಂದಿತ್ತು. ನಮ್ಮ ಪಾರ್ಕಿನಲ್ಲಿ ತೆವಳುವ ಮಗುವಿನ ಬಾಯಿಂದ ಒಂದನ್ನು ನಾನೇ ತೆಗೆದಿದ್ದೇನೆ. ಮೂಲೆಬೆಂಚಿನವರೇ, ನಿಮ್ಮ ಎರಡು ತುಂಡು ಎಲ್ಲಿ ಹೋಗುತ್ತವೆ?

ಮೂಲೆಬೆಂಚು:
ಈ ಪ್ರಶ್ನೆ ನೋಡಿ ಉತ್ತರ ಬರೆಯಲು ಆಗಲಿಲ್ಲ. ಸಂಜೆ ಹೋಗಿ ಬೆಂಚಿನ ಕೆಳಗೆ ಬಗ್ಗಿ ನೋಡಿದೆ. 23 ಇದ್ದವು. ಅದರಲ್ಲಿ 14ಕ್ಕೆ ನನ್ನ ಬ್ರ್ಯಾಂಡಿನ ಚಿನ್ನದ ಬಣ್ಣದ ಗೀಟು. ಮಳೆಗೆ ನೆನೆದು ಕಾಗದ ಬಿಚ್ಚಿಕೊಂಡಿದ್ದವು, ಒಳಗಿನ ಬಿಳಿ ಗಟ್ಟಿ ಮಾತ್ರ ಹಾಗೇ ಇತ್ತು. ಖಾಲಿ ಬೆಂಕಿಪೊಟ್ಟಣಕ್ಕೆ ತುಂಬಿದೆ, ಹಿಡಿಸದಿದ್ದುದು ಜೇಬಿಗೆ.

ಅಷ್ಟಾದರೂ ಪೂರ್ತಿ ನಿಷೇಧ ನನಗೆ ಒಪ್ಪಿಗೆ ಇಲ್ಲ. ಆಟದ ಜಾಗದಿಂದ ದೂರ ಒಂದು ಮೂಲೆ, ಅಲ್ಲೊಂದು ಬೂದಿ ಡಬ್ಬ, ಅಷ್ಟು ಸಾಕು.

ಇಬ್ಬರಮ್ಮ:
ಮೂಲೆ ತಗೊಳ್ಳಿ. ದಾರಿ ಆ ಮೂಲೆಯ ಮುಂದೆ ಹಾದುಹೋಗದಿದ್ದರೆ ನನ್ನದೇನೂ ತಕರಾರಿಲ್ಲ.

ಮೂಲೆಬೆಂಚು:
ಹಾದುಹೋಗುತ್ತದೆ. ಅದೇ ತೊಂದರೆ. ಸಹಿ ಹಾಳೆಯೂ ತುಂಡುಗಳಿದ್ದ ಜೇಬಲ್ಲೇ ಇತ್ತು, ಈಗ ವಾಸನೆ ಹಿಡಿದಿದೆ. "ಅಪ್ಪಾ, ಇವತ್ತು ಎಷ್ಟು?" ಅಂತ ಮಗಳು ಕೇಳಿದಳು. ಎರಡೇ ಅಂದೆ. ನಂಬಲಿಲ್ಲ.