‘ಮಾನಿಟರಿಂಗ್’ ಎಂದರೆ ಕಣ್ಗಾವಲೋ, ನಿಗಾವೋ?

ಪ್ರಶ್ನೆ: ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ಬೀದಿಗಳಲ್ಲಿ ಸಿಸಿಟಿವಿ ಸೇವೆ ನಡೆಸುವ ಕ್ರಮವನ್ನು ತಿಳಿಸುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಮಾನಿಟರಿಂಗ್’, ‘ಸರ್ವೇಲನ್ಸ್’ ಎರಡಕ್ಕೂ ‘ಕಣ್ಗಾವಲು’ ಎಂದಿದೆ. ‘ರೆಕಗ್ನೈಸ್’, ‘ಐಡೆಂಟಿಫೈ’ ಎರಡಕ್ಕೂ ‘ಗುರುತಿಸು’. ‘ಡೇಟಾ ಕಂಟ್ರೋಲರ್’ಗೆ ‘ದತ್ತಾಂಶ ನಿಯಂತ್ರಕ’. ಇಷ್ಟು ಸಾಕೇ? ಬಲ್ಲವರು ತಿಳಿಸಬೇಕು.

ಉತ್ತರ: ಸಾಲದು. ಈ ಮೂರು ಕಡೆಯೂ ಕೆಲಸವೇ ಬೇರೆ, ಕಾನೂನೂ ಬೇರೆ.

ಕಂಬದ ಮೇಲಿನ ಕ್ಯಾಮೆರಾ ದಿನವಿಡೀ ದೃಶ್ಯ ಹಿಡಿದಿಡುತ್ತದೆ. ಅದು ರೆಕಾರ್ಡಿಂಗ್, ‘ದಾಖಲಿಸುವುದು’ ಎಂದರೆ ಮುಗಿಯಿತು. ನಿಯಂತ್ರಣ ಕೊಠಡಿಯಲ್ಲಿ ಕುಳಿತ ಆಪರೇಟರ್ ಪರದೆ ನೋಡುತ್ತಾ, ಅಂಗಡಿಯವರ ವಾಕಿಟಾಕಿಯಿಂದ ಕರೆ ಬಂದ ಕೂಡಲೇ ಕ್ಯಾಮೆರಾ ತಿರುಗಿಸಿ, ಪೊಲೀಸರಿಗೆ ಸುದ್ದಿ ಮುಟ್ಟಿಸಿ, ಸಮಯವನ್ನೂ ಕ್ಯಾಮೆರಾ ಸಂಖ್ಯೆಯನ್ನೂ ಪುಸ್ತಕದಲ್ಲಿ ಬರೆದಿಡುತ್ತಾರಲ್ಲ, ಅದು ಮಾನಿಟರಿಂಗ್. ಇದಕ್ಕೆ ‘ನಿಗಾ’ ಎನ್ನಿ. ಆಸ್ಪತ್ರೆಯ ‘ತೀವ್ರ ನಿಗಾ ಘಟಕ’ ಎಲ್ಲರ ಬಾಯಲ್ಲೂ ಇದೆ. ಅಲ್ಲಿಯೂ ಯಾರೋ ನೋಡುತ್ತಿರುತ್ತಾರೆ, ಏರುಪೇರಾದರೆ ಓಡಿ ಬರುತ್ತಾರೆ. ನಮಗೆ ಬೇಕಾದ ಅರ್ಥವೂ ಅದೇ.

‘ಕಣ್ಗಾವಲು’ (ಕಣ್ + ಕಾವಲು) ಒಳ್ಳೆಯ ಪದವೇ, ಅಂಗಡಿ ಬಾಗಿಲಿನ ಫಲಕಗಳಲ್ಲೂ ಬಳಕೆಯಲ್ಲಿದೆ. ಅದನ್ನು ಸರ್ವೇಲನ್ಸ್‌ಗೇ ಉಳಿಸಿಕೊಳ್ಳಿ. ಯಾಕೆಂದರೆ ಕೈಪಿಡಿಯಲ್ಲಿ ‘ಡೈರೆಕ್ಟೆಡ್ ಸರ್ವೇಲನ್ಸ್’ ಬಂದೇ ಬರುತ್ತದೆ. ಎಲ್ಲರಿಗೂ ಕಾಣುವ ಕ್ಯಾಮೆರಾದಲ್ಲಿ ಬೀದಿ ನೋಡುವುದಕ್ಕೆ, ಕಣ್ಣೆದುರೇ ನಡೆದ ಜಗಳದ ಹಿಂದೆ ಕ್ಯಾಮೆರಾ ತಿರುಗಿಸುವುದಕ್ಕೆ ಪ್ರತ್ಯೇಕ ಅನುಮತಿ ಬೇಡ. ಆದರೆ ಅದೇ ಕ್ಯಾಮೆರಾದಿಂದ ಒಬ್ಬ ವ್ಯಕ್ತಿಯನ್ನು, ಆತನಿಗೆ ತಿಳಿಯದ ಹಾಗೆ, ಮೊದಲೇ ಯೋಜಿಸಿ ಬೆನ್ನುಹತ್ತಿದರೆ ಬ್ರಿಟನ್ನಿನ 2000ದ ತನಿಖಾ ಅಧಿಕಾರಗಳ ನಿಯಂತ್ರಣ ಕಾಯ್ದೆಯಡಿ ಅನುಮತಿ ಬೇಕು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಹೀಗೆ ಮಾಡಹೊರಟದ್ದು ಸ್ಥಳೀಯ ಸಂಸ್ಥೆಯೇ ಆದರೆ 2012ರ ನವೆಂಬರ್‌ನಿಂದ ಮ್ಯಾಜಿಸ್ಟ್ರೇಟರ ಒಪ್ಪಿಗೆಯೂ ಆಗಬೇಕು. ಇದಕ್ಕೆ ‘ಗುರಿಯಿಟ್ಟ ಗುಪ್ತ ಕಣ್ಗಾವಲು’ ಎನ್ನಬಹುದು. ಉದ್ದವಾಯಿತು, ಆದರೂ ‘ಗುಪ್ತ’ ಬಿಡುವಂತಿಲ್ಲ. ನಿಗಾ, ಕಣ್ಗಾವಲು ಎರಡನ್ನೂ ಒಂದೇ ಪದದಲ್ಲಿ ಹೇಳಿದರೆ, ಅನುಮತಿ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದೇ ಓದುಗರಿಗೆ ತಿಳಿಯದು. ತೊಡಕು ಇಂಗ್ಲಿಷಿನಲ್ಲೂ ಇದೆ: ಗುತ್ತಿಗೆ ಕಂಪನಿಯ ಆಪರೇಟರ್ ಪಡೆಯಬೇಕಾದ ಮೂರು ವರ್ಷದ ಪರವಾನಗಿಯ ಹೆಸರಿನಲ್ಲೇ ‘ಸರ್ವೇಲನ್ಸ್’ ಇದೆ. ಅಲ್ಲಿ ಅಧಿಕೃತ ಹೆಸರನ್ನೇ ಇಟ್ಟುಕೊಳ್ಳಿ.

ಇನ್ನು ‘ಗುರುತಿಸು’. ಸಿಸಿಟಿವಿ ಅಳವಡಿಕೆಗೆ ಬ್ರಿಟನ್ ಅನುಸರಿಸುವ ಬಿಎಸ್ ಇಎನ್ 62676-4 ಮಾನದಂಡದ 2015ರ ಆವೃತ್ತಿಯಲ್ಲಿ, ಯಾವ ಕೆಲಸಕ್ಕೆ ಒಂದು ಮೀಟರ್ ಅಗಲದ ಜಾಗವನ್ನು ಎಷ್ಟು ಪಿಕ್ಸೆಲ್ (ಚಿತ್ರದ ಚುಕ್ಕಿ) ತೋರಿಸಬೇಕೆಂಬ ಲೆಕ್ಕವಿದೆ: ಐಡೆಂಟಿಫೈ 250, ರೆಕಗ್ನೈಸ್ 125, ಅಬ್ಸರ್ವ್ 62.5, ಡಿಟೆಕ್ಟ್ 25, ಮಾನಿಟರ್ 12.5. 1920 ಪಿಕ್ಸೆಲ್ ಅಗಲದ ಚಿತ್ರವಾದರೆ ಐಡೆಂಟಿಫೈಗೆ ಸುಮಾರು 7.7 ಮೀಟರ್ ಅಗಲದ ಜಾಗವಷ್ಟೇ ದಕ್ಕುತ್ತದೆ, ರೆಕಗ್ನೈಸ್‌ಗೆ 15.4 ಮೀಟರ್. ಎರಡಕ್ಕೂ ‘ಗುರುತಿಸು’ ಎಂದು ಬರೆದ ಟೆಂಡರ್ ಓದಿ ಗುತ್ತಿಗೆದಾರ 15 ಮೀಟರ್‌ಗೆ ಹೊಂದಿಸಿ ಹೋದರೆ ಅವನದು ತಪ್ಪಲ್ಲ. ನ್ಯಾಯಾಲಯಕ್ಕೆ ಸಲ್ಲಿಸಿದ ಮುಖ ಮಾತ್ರ ಮಸುಕು. ಮೊದಲೇ ಬಲ್ಲವರು ‘ಇವನು ಇಂಥವನೇ’ ಎನ್ನುವುದು ರೆಕಗ್ನೈಸ್: ‘ಗುರುತು ಹಿಡಿಯುವುದು’. ಕಂಡರಿಯದವನನ್ನೂ ಚಿತ್ರದಿಂದಲೇ ಸಂಶಯವಿಲ್ಲದೆ ಇಂಥವನೆಂದು ನಿರ್ಧರಿಸುವುದು ಐಡೆಂಟಿಫೈ: ‘ಗುರುತು ಖಚಿತಪಡಿಸುವುದು’. ಇದೇ ಪಟ್ಟಿಯಲ್ಲಿ ‘ಮಾನಿಟರ್’ ಎಲ್ಲಕ್ಕಿಂತ ಕೆಳಗಿನ ಮಟ್ಟ, ಜನಸಂದಣಿ ಎತ್ತ ಸಾಗುತ್ತಿದೆ ಎಂದು ತಿಳಿಯುವಷ್ಟೇ. ಆದ್ದರಿಂದ ಪಟ್ಟಿಯಲ್ಲಿ ‘ನಿಗಾ’ ಹಾಕಬೇಡಿ. ‘ಒಟ್ಟು ಚಲನೆ ನೋಡುವುದು’ ಎಂದು ಬಿಡಿಸಿ ಬರೆಯಿರಿ.

‘ದತ್ತಾಂಶ ನಿಯಂತ್ರಕ’ ಓದಿದವರ ಕಣ್ಣಿಗೆ ಬರುವುದು ನಿಯಂತ್ರಣ ಕೊಠಡಿಯಲ್ಲಿ ಜಾಯ್‌ಸ್ಟಿಕ್ ಹಿಡಿದು ಕುಳಿತ ವ್ಯಕ್ತಿ. ಕಾನೂನು ಹೇಳುವುದು ಆತನನ್ನಲ್ಲ. ದೃಶ್ಯವನ್ನು ಯಾಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸುವ ಸಂಸ್ಥೆಯನ್ನು, ಇಲ್ಲಿ ಸ್ಥಳೀಯ ಸಂಸ್ಥೆಯನ್ನು. ‘ದತ್ತಾಂಶ ಹೊಣೆಗಾರ’ ಎಂದರೆ ಗೊಂದಲವಿಲ್ಲ. ತನ್ನ ದೃಶ್ಯ ಕೊಡಿ ಎಂದು ಯಾರಾದರೂ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕಾದದ್ದು, ಬೇಕಾದ ಕಡೆ ಬೇರೆಯವರ ಮುಖ ಮಸುಕಾಗಿಸಬೇಕಾದದ್ದು ಈ ಹೊಣೆಗಾರನೇ. ದೃಶ್ಯವನ್ನು ಬಹುಪಾಲು ಕಡೆ 28ರಿಂದ 31 ದಿನ ಮಾತ್ರ ಇಟ್ಟು ಅದರ ಮೇಲೆಯೇ ಹೊಸದನ್ನು ಬರೆಯುತ್ತಾರೆ. ಆದ್ದರಿಂದ ‘ಓವರ್‌ರೈಟ್’ಗೆ ‘ಅಳಿಸು’ ಎನ್ನದೆ ‘ಮೇಲೆ ಬರೆ’ ಎನ್ನಿ.

ಕರಡಿನಲ್ಲಿ ‘ಟೂರ್’ಗೆ ‘ಪ್ರವಾಸ’ ಎಂದಾಗಿದ್ದರೆ ಕೂಡಲೇ ತಿದ್ದಿ. ತಿರುಗುವ ಕ್ಯಾಮೆರಾ ಗೊತ್ತುಪಡಿಸಿದ ನಾಲ್ಕಾರು ಕಡೆ ಸರದಿಯಂತೆ ನೋಡುವುದು ಅದು: ‘ಸುತ್ತು’ ಸಾಕು. ಕಳ್ಳತನ ನಡೆದ ಗಳಿಗೆಯಲ್ಲಿ ಕ್ಯಾಮೆರಾ ಸುತ್ತಿನಲ್ಲಿ ಆಚೆ ಕಡೆ ನೋಡುತ್ತಿದ್ದರೆ ದೃಶ್ಯವೇ ಸಿಗದು. ಹಾಗಾಗಿ ಸುತ್ತು ಮುಗಿದ ಮೇಲೆ ಬಂದು ನಿಲ್ಲುವ ‘ಹೋಮ್ ಪೊಸಿಷನ್’ ಎಲ್ಲಿರಬೇಕೆಂಬುದು ಮುಖ್ಯ. ಅದನ್ನು ‘ಮೂಲ ನೋಟ’ ಎನ್ನಬಹುದು.

ಕೊನೆಗೆ, ಕ್ಯಾಮೆರಾ ಇದೆಯೆಂದು ಬೀದಿಯಲ್ಲಿ ತಿಳಿಸುವ ಫಲಕ. ಯಾರು ನಡೆಸುತ್ತಾರೆ, ಯಾಕೆ, ಯಾರನ್ನು ವಿಚಾರಿಸಬೇಕು, ಈ ಮೂರೂ ಅದರಲ್ಲಿರಬೇಕು: ‘ಈ ಬೀದಿಯ ಕ್ಯಾಮೆರಾಗಳನ್ನು ಸ್ಥಳೀಯ ಸಂಸ್ಥೆ ನಡೆಸುತ್ತಿದೆ. ಅಪರಾಧ ತಡೆಗಾಗಿ, ಸಾರ್ವಜನಿಕರ ಸುರಕ್ಷತೆಗಾಗಿ ದೃಶ್ಯ ದಾಖಲಾಗುತ್ತದೆ’, ಕೆಳಗೆ ದೂರವಾಣಿ. ರಾತ್ರಿ ಪರದೆಯ ಮುಂದೆ ಯಾರೂ ಇಲ್ಲದ ಊರಿನ ಫಲಕದಲ್ಲಿ ‘24 ಗಂಟೆ ನಿಗಾ’ ಎಂದು ಮಾತ್ರ ಬರೆಯಬೇಡಿ. ತೊಂದರೆಗೆ ಸಿಕ್ಕವರು ಅದನ್ನು ನಂಬಿ ಕ್ಯಾಮೆರಾದತ್ತ ಕೈಬೀಸುತ್ತಾ ಕಾಯುತ್ತಾರೆ. ಅಂಥ ಕಡೆ ‘24 ಗಂಟೆ ದಾಖಲೆ’ ಎನ್ನಿ.

‘ಫುಟೇಜ್’ಗೆ ಪತ್ರಿಕೆಗಳ ‘ದೃಶ್ಯಾವಳಿ’ ಸರಿಯಾಗಿದೆ, ಹಾಗೇ ಇರಲಿ.